ಜಯಂಟ್ ವೀಲಿಗೆ ಅಡ್ಡ ಬಂದ ಪರದೆ

ಜಯನಗರ ನಾಲ್ಕನೇ ಬ್ಲಾಕ್,
೧೪ ಮೇ ೧೯೭೯

ಪ್ರೀತಿಯ ಅಪ್ಪಾ,

ಪ್ರವೇಶಕ್ಕೆ ಮುಂಚೆ ರಂಗವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಂತೆ, ಈ ಕಾಗದವನ್ನೇ ನಿಮ್ಮ ಪಾದಗಳೆಂದುಕೊಂಡು ಮುಟ್ಟಿ ಶುರು ಮಾಡುತ್ತಿದ್ದೇನೆ. ಮಂಡಿ ನೋವು ಹೇಗಿದೆ? ನಾಟಕ ಕಂಪನಿಯ ತಿಪಟೂರು ಕ್ಯಾಂಪಿನಲ್ಲಿ ಒಳ್ಳೆಯ ನೀರು ಸಿಗುತ್ತಿದೆಯೇ, ಇಲ್ಲ ಬಣ್ಣ ಕಲಸುವ ನೀರನ್ನೇ ಕುಡಿಯುತ್ತಿದ್ದೀರಾ? ಏಣಿ ಹತ್ತುವಾಗ ಕೆಳಗೆ ಯಾರನ್ನಾದರೂ ನಿಲ್ಲಿಸಿಕೊಳ್ಳಿ. ಅಮ್ಮ ಇದ್ದಿದ್ದರೆ ಇದನ್ನು ನಾನು ಹೇಳಬೇಕಾಗಿರಲಿಲ್ಲ. ನಾನು ಚೆನ್ನಾಗಿದ್ದೇನೆ. ಊಟಕ್ಕೆ, ಬಟ್ಟೆಗೆ ಕಡಿಮೆಯಿಲ್ಲ. ಗಂಟಲಿಗೆ ಮಾತ್ರ ಕೆಲಸವಿಲ್ಲ. ಕೊನೆಯ ಸಾಲಿನವನಿಗೂ ಕೇಳಲೆಂದು ನೀವು ಬೆಳೆಸಿದ ಗಂಟಲು. ಇಲ್ಲಿ ಅಡುಗೆಮನೆಯಿಂದ ಹಜಾರಕ್ಕೆ ಕೇಳಿದರೆ ಸಾಕು. "ಮೆಲ್ಲಗೆ ಮಾತಾಡೇ ತಾಯಿ, ಪಕ್ಕದ ಮನೆಯೋರು ಟಿಕೆಟ್ ಎಷ್ಟು ಅಂತ ಕೇಳ್ತಾರೆ" ಎನ್ನುತ್ತಾರೆ ಅತ್ತೆ.

ಈಗ ಕಥೆ ಕೇಳಿ. ನನ್ನ ಮದುವೆಗೆ ನೀವು ಬರೆದುಕೊಟ್ಟ ಪರದೆ ನೆನಪಿದೆಯಲ್ಲ, ಅರಮನೆಯ ತೋಟ, ನಡುವೆ ಕಾರಂಜಿ, ಪಕ್ಕದಲ್ಲಿ ಎರಡು ಹಂಸ? ಮಾವನವರ ಫೋಟೋ ಸ್ಟುಡಿಯೋಗೆ ಅದೇ ಕಿರೀಟ. ಹೋದ ತಿಂಗಳು ಸಾರಕ್ಕಿ ಕೆರೆಯ ಪಕ್ಕದ ಬಯಲಿಗೆ ಶಂಭುಲಿಂಗಪ್ಪ ಎಂಬುವರ ಎಕ್ಸಿಬಿಷನ್ ಬಂತು. ಆಕಾಶ ಮುಟ್ಟುವ ಜಯಂಟ್ ವೀಲು, ಸುತ್ತುವ ಮರದ ಕುದುರೆಗಳು, ಮೋಟಾರ್ ಸೈಕಲ್ಲಿನ ಮರಣಬಾವಿ, ಸಂಜೆಯಾದರೆ ಬಣ್ಣಬಣ್ಣದ ಬಲ್ಬುಗಳು. ಅಲ್ಲಿ ಫೋಟೋ ತೆಗೆಯುವ ಅವಕಾಶ ನಮ್ಮ ಪಾಲಿಗೆ ಬಂತು. ಮಾವನವರು ಏನು ಮಾಡಿದರು ಗೊತ್ತೇ? ನಿಮ್ಮ ಪರದೆಯನ್ನು ಸುರುಳಿ ಸುತ್ತಿಸಿ, ಎತ್ತಿನ ಗಾಡಿಯಲ್ಲಿ ಮೆರವಣಿಗೆಯ ಹಾಗೆ ಕೊಂಡೊಯ್ದು, ಆ ಮಹಾಚಕ್ರದ ಎದುರಿಗೇ ಎರಡು ಬಿದಿರ ಗಳು ನೆಟ್ಟು ತೂಗುಹಾಕಿದರು. ವೀಲಿನಿಂದ ಇಳಿದು ಕಾಲು ನಡುಗಿಸುತ್ತ ಬಂದವರೆಲ್ಲ ಕಾರಂಜಿಯ ಮುಂದೆ ಕೈಕಟ್ಟಿ ನಿಂತರು. ಬನಶಂಕರಿಯ ಒಬ್ಬಾಕೆ ಕೇಳಿಯೇಬಿಟ್ಟರು, "ಸಾರ್, ಇದನ್ನ ನಿಮ್ಮ ಸ್ಟುಡಿಯೋಲೇ ತೆಗೆಸ್ಕೋಬೋದಿತ್ತಲ್ಲ, ಚಕ್ರ ಎಲ್ಲಿ?" ಮಾವನವರು ಮೀಸೆ ನೀವಿಕೊಂಡು, "ಹಿಂದೆ ಗಜಿಬಿಜಿ ಇದ್ರೆ ಮುಖ ಎದ್ದು ಕಾಣಲ್ಲಮ್ಮ" ಎಂದರು.

ಏಪ್ರಿಲ್ ಕೊನೆಯ ಗಾಳಿ ನಿಮಗೆ ಗೊತ್ತಲ್ಲ, ಎಷ್ಟು ಡೇರೆ ಹಾರಿಸಿಲ್ಲ ಅದು. ಪರದೆ ಹಡಗಿನ ಹಾಯಿಯಂತೆ ಉಬ್ಬತೊಡಗಿತು. ಹಿಂದಿನಿಂದ ಹಿಡಿದುಕೊಳ್ಳಲು ಒಬ್ಬರು ಬೇಕು. ಇನ್ಯಾರು, ಸೊಸೆ. ರಾಣಿಯ ಪಾತ್ರದಲ್ಲಿ ರಂಗವನ್ನು ನಡುಗಿಸಿದ ನಿಮ್ಮ ಮಗಳು ಪ್ರತಿ ಸಂಜೆ ಎರಡೂ ಕೈ ಚಾಚಿ, ಕೋರಾ ಬಟ್ಟೆಗೆ ಮೂಗು ಒತ್ತಿ, ನೀವು ಬಣ್ಣಕ್ಕೆ ಬೆರೆಸುವ ಅಂಟಿನ ವಾಸನೆ ಕುಡಿಯುತ್ತ ನಿಂತಳು. ಮುಂದೆ ಜನ ನಗುವುದು ಕೇಳುತ್ತದೆ, ಕಾಣುವುದಿಲ್ಲ. ಬೆನ್ನ ಹಿಂದೆ ಚಕ್ರ ಕಿರುಗುಟ್ಟುತ್ತದೆ, ತಿರುಗುವಂತಿಲ್ಲ. ಕುತ್ತಿಗೆಯನ್ನಷ್ಟೇ ಹೊರಳಿಸಿ ನೋಡುತ್ತಿದ್ದೆ. ಅಷ್ಟು ಹೊತ್ತಿಗೇ ಒಂದು ಕೆಂಪು ತೊಟ್ಟಿಲು ಇಳಿದು, ಒಂದು ಹಸಿರು ಏರಿಬಿಡುತ್ತಿತ್ತು. ಮನೆಗೆ ಬಂದರೆ ಫೋಟೋ ತೊಳೆಯುವ ಡಾರ್ಕ್‌ರೂಮು, ಒಳಗಿನಿಂದ ಚಿಲಕ, ಕೆಂಪು ಬಲ್ಬು. ಕೆಂಪನ್ನು ಎಲ್ಲ ಕಡೆ ಬಳಿದರೆ ಕೆಂಪೇ ಸಾಯುತ್ತದೆ ಎನ್ನುತ್ತಿದ್ದಿರಲ್ಲ, ಆ ಕೋಣೆಯಲ್ಲಿ ಹಾಗೆಯೇ. ನನ್ನ ಕೈಯೂ ಕೆಂಪು, ಗೋಡೆಯೂ ಕೆಂಪು, ಯಾವುದೂ ಕಾಣುವುದಿಲ್ಲ.

ಆಮೇಲೆ ಆ ದಿನ ಬಂತು. ಶಂಭುಲಿಂಗಪ್ಪನವರು ಮುಂದಿನ ಊರಿನಲ್ಲಿ ಎಕ್ಸಿಬಿಷನ್ನಿನ ಹೆಬ್ಬಾಗಿಲಿಗೆ ಹಾಕಲು ಬಣ್ಣದ ಫೋಟೋ ಬೇಕೆಂದು ಕಲರ್ ರೋಲೊಂದನ್ನು ತಂದುಕೊಟ್ಟಿದ್ದರು. ನಿಮ್ಮ ಅಳಿಯ ಸೇತುರಾಮರು (ಗಂಡನ ಹೆಸರು ಬರೆದುಬಿಟ್ಟೆ, ಅತ್ತೆಗೆ ಹೇಳಬೇಡಿ) ಅದರಲ್ಲೂ ಕಾರಂಜಿಯನ್ನೇ ತೆಗೆಯುತ್ತಿದ್ದರು. ಅಷ್ಟರಲ್ಲಿ ಗಾಳಿ ಎದ್ದಿತು. ಗಳು ವಾಲಿತು, ಪರದೆ ಹಂಸದ ಕುತ್ತಿಗೆಯವರೆಗೆ ಸೀಳಿತು. ಅಪ್ಪ ಮಗ ಇಬ್ಬರೂ ಹಗ್ಗಕ್ಕೆ ಓಡಿದರು. ಇವರು ಕ್ಯಾಮೆರಾವನ್ನು ನನ್ನ ಕೈಗಿತ್ತು, "ಜೋಪಾನ ಕಣೇ" ಎಂದರು. ನಾನು ತಿರುಗಿ ನಿಂತೆ.

ಪೂರ್ವಕ್ಕೆ ಮಳೆಯ ಮೋಡ, ಇಂಕಿನಷ್ಟು ನೀಲಿ. ಪಶ್ಚಿಮದ ಬಿಸಿಲು ಮಾತ್ರ ಇನ್ನೂ ಚಕ್ರದ ಮೇಲೆ ಸ್ಪಾಟ್ ಲೈಟಿನ ಹಾಗೆ ಬೀಳುತ್ತಿತ್ತು. ಹಳದಿ ಫ್ರಾಕಿನ ಒಂದು ಮಗು ತಲೆಯೆತ್ತಿ ನಿಂತಿತ್ತು. ರಾಜ ನಡುವೆ ನಿಂತರೆ ಕಥೆ ಮುಗಿದಂತೆ, ಪಕ್ಕದಲ್ಲಿ ನಿಂತರೆ ಯಾರೋ ಬರಬೇಕಿದೆ ಎಂದು ಜನ ಕಾಯುತ್ತಾರೆ ಎಂದು ನನಗೆ ಕಲಿಸಿದವರು ನೀವೇ. ಮಗುವನ್ನು ಕೆಳಗಿನ ಮೂಲೆಗೆ ಸರಿಸಿದೆ. ಎದುರಿನ ಮೇಲ್ಮೂಲೆಯಿಂದ ಕೆಂಪು ತೊಟ್ಟಿಲು ಅರ್ಧ ಮಾತ್ರ ಇಣುಕಲೆಂದು ಕಾದೆ. ನಡುವೆ ನೀಲಿಯನ್ನು ಖಾಲಿ ಬಿಟ್ಟೆ. ಒತ್ತಿದೆ.

ಮದರಾಸಿನಿಂದ ರೋಲು ತೊಳೆದು ಬಂದಾಗ ಮಾವನವರು ಹೌಹಾರಿದರು. "ಅರ್ಧ ಚಕ್ರ ಎಲ್ಲಿ ಹೋಯ್ತು? ಮಗು ಮೂಲೇಲಿ, ನಡುವೆ ಏನೂ ಇಲ್ಲ. ಊಟಕ್ಕೆ ಕೂರಿಸಿ ಖಾಲಿ ಎಲೆ ಇಟ್ಟಂಗಿದೆ." ಶಂಭುಲಿಂಗಪ್ಪನವರು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಕೆಳಗಿಡಲಿಲ್ಲ. ಮಾವನವರ ಕಡೆ ತಿರುಗಿ, "ಸಂಜೀವಯ್ಯನೋರೆ, ಈ ಖಾಲಿ ಇರೋ ಕಡೆನೇ ಹೊಟ್ಟೆ ಝಲ್ ಅಂತದೆ. ಜನ ವೀಲ್ ಹತ್ತೋದು ಅದಕ್ಕೇ ಅಲ್ವಾ?" ಎಂದರು. ತೆಗೆದದ್ದು ನಾನೆಂದು ತಿಳಿದು, ಮುಂದಿನ ಬೊಮ್ಮನಹಳ್ಳಿಯ ಕ್ಯಾಂಪಿಗೆ ಪರದೆ ಬೇಡ, ಈಯಮ್ಮ ಬಂದು ತೆಗೆಯಲಿ ಎಂದರು. ಮಾವನವರು ನಕ್ಕು, "ಸೊಸೆ ಕ್ಯಾಮೆರಾ ನೇತಾಕ್ಕೊಂಡು ಸಂತೇಲಿ ತಿರುಗಿದ್ರೆ ನಮ್ಮ ಮನೆ ಮಾನ ಯಾರು ಹಿಡ್ಕೋತಾರೆ ಸ್ವಾಮಿ" ಎಂದು ಕಾಫಿ ತರಿಸಿದರು. ಕಾಫಿ ತಂದುಕೊಟ್ಟವಳು ನಾನೇ. ಇವರ ಮುಖ ನೋಡಿದೆ. "ನೋಡೋಣ" ಎಂದರು. ಈ ಮನೆಯಲ್ಲಿ ಆ ಮಾತಿಗೆ ಬಾಗಿಲು ಮುಚ್ಚಿತು ಎಂದೇ ಅರ್ಥ. ಇನ್ನೊಂದು ವಾರಕ್ಕೆ ಚಕ್ರ ಬಿಚ್ಚುತ್ತಾರಂತೆ. ಶಂಭುಲಿಂಗಪ್ಪನವರು ಅಷ್ಟರೊಳಗೆ ಉತ್ತರ ಕೇಳಿದ್ದಾರೆ.

ಲಕೋಟೆಯಲ್ಲಿ ಆ ಫೋಟೋದ ಪ್ರತಿ ಇದೆ. ಕಂಪನಿಯ ಎಲ್ಲರಿಗೂ ತೋರಿಸಿ. ಹಾರ್ಮೋನಿಯಂ ಮಾಸ್ತರಿಗೆ, ಅಡುಗೆಯ ಬೈರಮ್ಮನಿಗೆ ನನ್ನ ನಮಸ್ಕಾರ ಹೇಳಿ. ರಾತ್ರಿ ಆಟ ಮುಗಿದ ಮೇಲೆ ತಣ್ಣೀರು ಹೊಯ್ದುಕೊಳ್ಳಬೇಡಿ. ನಿಮ್ಮ ಆಶೀರ್ವಾದ ಇಲ್ಲಿಯವರೆಗೂ ಕೇಳುವಷ್ಟು ದೊಡ್ಡ ದನಿಯಲ್ಲಿರಲಿ.

ನಿಮ್ಮ ಮಗಳು,
ಶಾಂತಾ

ತಾ. ಕ. ಅಂಚೆಯವರು ಬರುವ ಹೊತ್ತಾಯಿತು, ಮುಖ್ಯವಾದದ್ದು ಇದು. ಮಾವನವರು ನಿನ್ನೆ ನಿಮಗೆ ಕಾಗದ ಹಾಕಿದ್ದಾರೆ. ಹರಿದ ಪರದೆಯ ಬದಲು ಇನ್ನೂ ದೊಡ್ಡದೊಂದು ಬರೆದುಕೊಡಬೇಕಂತೆ. ಜಯಂಟ್ ವೀಲಿನ ಚಿತ್ರ, ಸರಿಯಾಗಿ ನಡುವೆ, ಪೂರ್ತಿ ಚಕ್ರ. "ಇನ್ನು ವೀಲೇ ನಮ್ಮನೇಗೆ ಬರತ್ತೆ, ಗಾಳಿನೂ ಇಲ್ಲ, ಧೂಳೂ ಇಲ್ಲ, ಯಾರೂ ಎಲ್ಲಿಗೂ ಹೋಗೋದು ಬೇಡ" ಎಂದು ಹಿಗ್ಗುತ್ತಿದ್ದಾರೆ. ಅದು ಬಂದರೆ ನನ್ನ ಬೊಮ್ಮನಹಳ್ಳಿ ಮುಗಿಯಿತು. ಪರದೆ ಬರುವುದೇ ಇಲ್ಲವೆಂದು ಖಚಿತವಾದರೆ ಮಾತ್ರ ಮಾವನವರನ್ನು ಒಪ್ಪಿಸುತ್ತೇನೆಂದು ಇವರು ಹೇಳಿದ್ದಾರೆ. ಬೇರೆಯವರ ಕುಂಚವನ್ನು ಮಾವನವರು ಒಳಗೆ ಬಿಡುವುದಿಲ್ಲ. ಕೆಲಸ ಹೆಚ್ಚಿದೆ ಎಂದು ನೀವು ಬರೆದರೆ ಎಷ್ಟು ದಿನವಾದರೂ ಕಾಯುತ್ತಾರೆ. ಆದ್ದರಿಂದ ಅಪ್ಪಾ, ಕೈ ನಡುಗುತ್ತದೆ, ಇನ್ನು ಪರದೆ ಬರೆಯಲಾರೆ ಎಂದು ಬರೆಯಿರಿ. ದಾರ ಹಿಡಿಯದೆ ಗೆರೆ ಎಳೆಯುವ ಕೈ ಅದು, ನಡುಗುವುದಿಲ್ಲ ಎಂದು ನಾನು ಬಲ್ಲೆ. ಆದರೂ ಬರೆಯಿರಿ. ಅಕ್ಷರಗಳೂ ಸ್ವಲ್ಪ ಸೊಟ್ಟಗಿರಲಿ. ಮಾವನವರು ಗೆರೆ ನೋಡಿ ನಂಬುವವರು.