ಹೊಕ್ಕಳ ಒಣಗ್ಯದ

ಅತ್ತಿ,

ನೀವು ಗುಡಿಯಿಂದ ಬರೋತನಕ ಕಾಯಾಕ ಆಗಲಿಲ್ಲ, ಆಟೋ ಬಂದು ನಿಂತದ. ಕರುವಿನ ಔಷಧಿ ತರಾಕ ಕಲ್ಯಾಣ ಪ್ಯಾಟಿಗಿ ಹೊಂಟೀನಿ.

ಕರು ತನ್ನ ಕೆಳಗ ಹಾಸಿದ್ದ ನಿಮ್ಮ ಕೌದಿ ಪೂರಾ ತೋಯಿಸ್ಯದ. ಸಿಟ್ಟಾಗಬ್ಯಾಡ್ರಿ, ಮುಂದ ಓದ್ರಿ. ಇವತ್ತು ಉಚ್ಚಿ ಬಾಲದ ಕೆಳಗಿಂದ ಬಂತು, ನಾನೇ ನಿಂತು ನೋಡೀನಿ. ಹೊಕ್ಕಳ ಒಣಗ್ಯದ! ಹುಮನಾಬಾದ ಡಾಕ್ಟರು ಆಪರೇಷನ್ ಮಾಡಿ ಹೊಕ್ಕಳದಾಗಿನ ನಳಿ ಕಟ್ಟಿದ್ದು ಫಲ ಕೊಟ್ಟದ. ಹುಟ್ಟಿದಾಗಿಂದ ಉಚ್ಚಿ ಅಲ್ಲಿಂದ ಸೋರತಿತ್ತು, ನಾವು ತಾಯಿ ನೆಕ್ಕಿ ಹಸಿ ಮಾಡ್ಯದ ಅಂತ ಆಕಳಿಗಿ ಬೈತಿದ್ದಿವಿ, ಪಾಪ.

ಹೊಲಿಗಿ ಮ್ಯಾಲ ಅರಿಷಿಣ-ಎಣ್ಣಿ ಹಚ್ಚಬ್ಯಾಡ್ರಿ. ನಿಮ್ಮ ಕೈ ಸುಮ್ಮನ ಇರೂದಿಲ್ಲ, ನನಗ ಗೊತ್ತದ. ಅದಕ್ಕ ಎಣ್ಣಿ ಬಟ್ಟಲಾ ಬಚ್ಚಿಟ್ಟೀನಿ, ಹುಡುಕಬ್ಯಾಡ್ರಿ. ಕರು ಹಾಲು ಕುಡಿದ ಮ್ಯಾಲ ಆಕಳಿಗಿ ದೂರ ಕಟ್ರಿ. ಹೊಲಿಗಿ ಕಂಡ್ರ ಈಗ ಖರೇನೇ ನೆಕ್ತದ.

ಕರು ಸುಧಾರಸೋತನಕ ಗಿಣ್ಣ ಮನಿ ಹೊರಗ ಹೋಗಬಾರದು ಅಂತ ಹಟ ಹಿಡಿದಿದ್ರಲ್ಲ, ಫ್ರಿಜ್ಜಿನಾಗ ಇಟ್ಟಿದ್ದ ಗಿಣ್ಣದ ಹಾಲಿಗಿ ಬೆಲ್ಲ, ಯಾಲಕ್ಕಿ ಹಾಕಿ ಗಿಣ್ಣ ಮಾಡಿಟ್ಟೀನಿ. ಕೌದಿ ನಾ ಬಂದು ಒಗೀತೀನಿ. ನೀವು ಓಣಿ ತುಂಬ ಗಿಣ್ಣ ಹಂಚಿ ಬರ್ರಿ.

ಸರಿತಾ