ಆರ್ವಿಲ್‌ನ ರಿವಾಲ್ವರ್ ದುರಸ್ತಿ ಇನ್ನೂ ಮುಗಿದಿಲ್ಲ

ಕಾಲ್ಡರ್ ಫರ್ನೆಸ್, ಪೆನ್ಸಿಲ್ವೇನಿಯಾ
ನವೆಂಬರ್ ೯, ಭಾನುವಾರ

ಪ್ರೀತಿಯ ಕೋರಾ,

ಕಾಲಿನ ಊತ ಇಳಿಯಿತೇ? ಹನ್ನೆರಡು ಗಂಟೆ ನಿಂತು ದುಡಿಯುವವಳು ಊಟದ ಬಿಡುವಿನಲ್ಲಾದರೂ ಕಾಲು ಮೇಲೆತ್ತಿ ಕೂರಬೇಕು. ನೀನು ಹತ್ತು ನಿಮಿಷ ಕೂತರೆ ನಿನ್ನ ಫಿಲಡೆಲ್ಫಿಯಾ ಆಸ್ಪತ್ರೆಯ ತುರ್ತು ವಿಭಾಗವೇನೂ ಮುಳುಗಿಹೋಗುವುದಿಲ್ಲ. ಮೇಬಲ್‌ಳ ಮುಂದಿನ ಹಲ್ಲು ಬಿದ್ದ ಫೋಟೊ ಬಂತು. ಆರು ವರ್ಷಕ್ಕೆ ನೀನೂ ಹಾಗೇ ಇದ್ದೆ, ನಕ್ಕರೆ ಬಾಗಿಲು ತೆಗೆದಿಟ್ಟ ಕೊಟ್ಟಿಗೆಯ ಹಾಗೆ. ನನ್ನ ಬಲಗೈ ಹೆಬ್ಬೆರಳಿನ ಗಂಟು ಚಳಿಗೆ ಮತ್ತೆ ಹಿಡಿದುಕೊಂಡಿದೆ. ಅದೊಂದು ಬಿಟ್ಟರೆ ಅರವತ್ತೊಂಬತ್ತನೇ ವಯಸ್ಸಿನಲ್ಲಿ ದೂರುವಂಥದ್ದು ಏನೂ ಇಲ್ಲ.

ಇನ್ನು ನಿನ್ನ ಪತ್ರದ ವಿಷಯ. ಅಂಗಡಿ ಮುಚ್ಚು, ಅಲ್ಲಿರುವುದನ್ನೆಲ್ಲ ಸಾಗಹಾಕು, ಇಲ್ಲದಿದ್ದರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೇಬಲ್‌ಳನ್ನು ಕರೆತರುವುದಿಲ್ಲ ಎಂದು ಬರೆದಿದ್ದೀಯೆ. ಮುಚ್ಚುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ನೀನು ಆಸೆ ಇಟ್ಟುಕೊಂಡು ಓದುವುದು ಬೇಡ. ನನ್ನ ಅಪ್ಪ ಹಿತ್ತಲಿನಲ್ಲಿ ಕಟ್ಟಿದ ಅಂಗಡಿ ಅದು. ಹೆಣ್ಣಿಗೆ ಕಬ್ಬಿಣ ಉಜ್ಜುವ ಅರ ಯಾಕೆ ಎಂದು ಊರೆಲ್ಲ ನಗುತ್ತಿದ್ದಾಗ ಅವನು ನನ್ನ ಕೈಗೆ ಅರ ಕೊಟ್ಟು ಮೂಲೆಯ ಕಿಟಕಿ ತೋರಿಸಿದ. ಐವತ್ತು ವರ್ಷದಿಂದ ಅದೇ ಕಿಟಕಿಯ ಬೆಳಕಿನಲ್ಲಿ ಕೂತು ಹಳೆಯ ರಿವಾಲ್ವರ್‌ಗಳನ್ನು ರಿಪೇರಿ ಮಾಡುತ್ತಿದ್ದೇನೆ. ಯಾರೋ ಹೇಳಿದರೆಂದು, ಆ ಯಾರೋ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಆದರೂ, ಎದ್ದು ಹೋಗುವ ಪೈಕಿ ನಾನಲ್ಲ.

ಆ ಮುದಿ ಕಬ್ಬಿಣದಲ್ಲಿ ಏನಿದೆ ಎಂದು ಕೇಳಿದ್ದೀಯೆ. ಚುಚ್ಚಲು ಕೇಳಿದೆಯೋ ತಿಳಿಯಲು ಕೇಳಿದೆಯೋ ಗೊತ್ತಿಲ್ಲ, ತಿಳಿಯಲು ಎಂದೇ ಹಿಡಿದು ಹೇಳುತ್ತೇನೆ. ಡಬಲ್ ಆಕ್ಷನ್ ಅಂದರೆ ಒಂದೇ ಎಳೆತಕ್ಕೆ ಎರಡು ಕೆಲಸ. ಬೆರಳು ಟ್ರಿಗರ್ ಎಳೆಯುತ್ತಾ ಹೋದಂತೆ ಗುಂಡುಗಳ ಉರುಳೆ ಒಂದು ಮನೆ ತಿರುಗುತ್ತದೆ, ಗುಂಡಿಗೆ ಬಡಿಯುವ ಹಿಂದಿನ ಕುದುರೆ ತಾನೇ ಏಳುತ್ತದೆ, ತಾನೇ ಬೀಳುತ್ತದೆ. ಇಷ್ಟೂ ಆಗುವುದು ಉಗುರಿಗಿಂತ ಸಣ್ಣ ಏಳೆಂಟು ತುಂಡುಗಳಿಂದ. ತೊಂಬತ್ತು, ನೂರು ವರ್ಷದ ಹಿಂದೆ ಯಾರೋ ಒಬ್ಬ ಕುಶಲಕರ್ಮಿ ಒಂದೊಂದನ್ನೂ ಅದರದೇ ಜೋಡಿಗೆ ಕೂರುವಂತೆ ಕೈಯಲ್ಲೇ ಉಜ್ಜಿದ್ದಾನೆ. ಒಂದರ ತುಂಡು ಇನ್ನೊಂದಕ್ಕೆ ಹೊಂದುವುದಿಲ್ಲ. ಪಕ್ಕದ ಮುಚ್ಚಳ ಬಿಚ್ಚಿದರೆ ಅವನ ಅರದ ಗೀರು ಇವತ್ತಿಗೂ ಕಾಣುತ್ತದೆ. ಅವನು ಎಡಗೈಯವನೋ ಬಲಗೈಯವನೋ ಎಂದು ನಾನು ಹೇಳಬಲ್ಲೆ, ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಗುರುವಾರ ಸಂಜೆ ನನ್ನ ಅಂಗಡಿಯಲ್ಲಿ ಸೇರುವ ಹಳೆಯ ರಿವಾಲ್ವರ್ ಸಂಗ್ರಹಕಾರರ ಗುಂಪಿನ ಲೆಸ್ಟರ್ ಯೋಡರ್ ನಿನಗೆ ನೆನಪಿರಬೇಕು, ಭೂತಗನ್ನಡಿ ಕೊರಳಿಗೆ ನೇತುಹಾಕಿಕೊಂಡೇ ಚರ್ಚಿಗೆ ಬರುವವನು. ಅವನು ಗುಂಡು ಹಾರಿಸಿ ಇಪ್ಪತ್ತು ವರ್ಷವಾಯಿತು, ಸಂಗ್ರಹ ಮಾತ್ರ ನಿಂತಿಲ್ಲ. ಹೋದ ತಿಂಗಳು ಒಬ್ಬ ತನ್ನ ತಾತನ ರಿವಾಲ್ವರ್‌ಗೆ ಹೊಸ ನಿಕ್ಕಲ್ ಹೊಳಪು ಕೊಡಿಸಿ ಹೆಮ್ಮೆಯಿಂದ ತಂದಾಗ ಲೆಸ್ಟರ್ ಕಣ್ಣೀರು ಬರುವಷ್ಟು ಸಿಟ್ಟಾದ. "ಅಯ್ಯೋ ಪಾಪಿ, ನಿಮ್ಮ ತಾತ ಐವತ್ತು ವರ್ಷ ಹಿಡಿದು ಸವೆಸಿದ್ದನ್ನ ಒಂದು ಮಧ್ಯಾಹ್ನದಲ್ಲಿ ಅಳಿಸಿಬಿಟ್ಯಲ್ಲೋ!" ಎಂದ. ಗುರಿ ಹೊಡೆಯುವ ಪಂದ್ಯದವರದು ಬೇರೆ ಮಾತು. ಈಗಿನ ಪ್ಲಾಸ್ಟಿಕ್ ಪಿಸ್ತೂಲು ಒತ್ತಿದರೆ ಸಾಕು. ಇದರಲ್ಲಿ ಟ್ರಿಗರ್‌ನ ಎಳೆತ ಉದ್ದ, ಭಾರ. ಎಳೆಯುವಷ್ಟು ಹೊತ್ತೂ ಕೈ ಅಲುಗಬಾರದು, ಮನಸ್ಸೂ ಅಲುಗಬಾರದು. ಅಲುಗಿದ್ದು ಗುರಿಯ ಕಾಗದದ ಮೇಲೆ ಕಾಣಿಸಿಬಿಡುತ್ತದೆ, ನೆಪ ಹೇಳಲು ಜಾಗವಿಲ್ಲ. ಅದಕ್ಕೇ ಅವರು ಇದನ್ನು ಬಿಡುವುದಿಲ್ಲ.

ನೀನು ನೋಡುವುದು ಬೇರೆ ಎಂದು ಗೊತ್ತು. ನಿನ್ನ ಮುಂದೆ ಬರುವುದು ಗುಂಡು ಹೊಕ್ಕ ಮೈ. ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ನಾನು ಕಣ್ಣು ಮುಚ್ಚಿ ಕೂತಿದ್ದೇನೆ ಎಂದು ಬರೆದೆಯಲ್ಲ, ಅದಕ್ಕೆ ಮಾತ್ರ ಈ ಸಂಗತಿ ಹೇಳಲೇಬೇಕು.

ಸ್ಕೂಲ್ ಬಸ್ ಓಡಿಸುತ್ತಿದ್ದ ಆರ್ವಿಲ್ ಸ್ಟೆಕರ್ ನೆನಪಿದ್ದಾನಲ್ಲ, ನೀನು ತಡ ಮಾಡಿದಾಗಲೆಲ್ಲ ಹಾರ್ನ್ ಹೊಡೆದು ಊರನ್ನೇ ಎಬ್ಬಿಸುತ್ತಿದ್ದವನು. ಅವನ ಹೆಂಡತಿ ಅಡೀಲ್ ಆಗಸ್ಟ್‌ನಲ್ಲಿ ತೀರಿಕೊಂಡಳು. ಅಕ್ಟೋಬರ್ ಮೊದಲ ಮಂಗಳವಾರ ಅವನು ಅಂಗಡಿಗೆ ಬಂದ. ರೈಲ್ವೆ ಕಾವಲುಗಾರನಾಗಿದ್ದ ಅವನಪ್ಪನ ರಿವಾಲ್ವರ್ ಒಂದು ಅಡುಗೆಮನೆ ಟವೆಲಿನಲ್ಲಿ ಸುತ್ತಿತ್ತು. ಒಳಗಿನ ತುಂಡೊಂದು ಸವೆದು ಉರುಳೆ ಪೂರ್ತಿ ತಿರುಗದೆ ಅರ್ಧಕ್ಕೇ ನಿಲ್ಲುತ್ತಿತ್ತು. ಅಪ್ಪನ ರಿವಾಲ್ವರ್ ತಂದವರು ಯಾರೂ ಬಾಯಿ ಮುಚ್ಚಿಕೊಂಡು ಕೊಟ್ಟಿದ್ದಿಲ್ಲ. ಅದರ ಪುರಾಣ ಅರ್ಧ ಗಂಟೆ ಕೇಳಿಸಿಕೊಂಡ ಮೇಲೇ ನಾನು ಸ್ಕ್ರೂಡ್ರೈವರ್ ಮುಟ್ಟುವುದು. ಆರ್ವಿಲ್ ಪುರಾಣ ಹೇಳಲಿಲ್ಲ. "ಒಂದೇ ಒಂದು ಸಲ ಕೆಲಸ ಮಾಡಿದ್ರೆ ಸಾಕು ವರ್ನಾ. ಚೆಂದ ಏನೂ ಕಾಣಬೇಕಾಗಿಲ್ಲ" ಎಂದ. ಬಾಗಿಲ ಹತ್ತಿರ ನಿಂತು, ತನ್ನ ನಾಯಿಯನ್ನು ಸಾಕುವವರು ಯಾರಾದರೂ ಗೊತ್ತಾ ಎಂದು ಕೇಳಿದ. ಆ ನಾಯಿಯನ್ನು ಅಡೀಲ್ ಮಗುವಿನ ಹಾಗೆ ನೋಡಿಕೊಂಡಿದ್ದಳು.

ಅವನು ಹೋದ ಕೂಡಲೇ ಅಂಗಡಿಯ ಬಾಗಿಲು ಹಾಕಿಕೊಂಡೆ. ರಿವಾಲ್ವರನ್ನು ತುಂಡು ತುಂಡಾಗಿ ಬಿಚ್ಚಿದೆ. ಎಲ್ಲವನ್ನೂ ಬಿಸ್ಕತ್ತಿನ ಡಬ್ಬಿಗೆ ಹಾಕಿ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಕೊರಳ ಸರಕ್ಕೆ ಕಟ್ಟಿಕೊಂಡೆ. ಅವತ್ತೇ ಅವನ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ, ಧೈರ್ಯ ಸಾಲಲಿಲ್ಲ. ಈ ಮಾತು ನಿನಗೆ ಮಾತ್ರ.

ಶುಕ್ರವಾರ ಬಂದ. "ಆಯ್ತಾ?" ಎಂದ. "ಆಗಿಲ್ಲ, ಆಗೋದೂ ಇಲ್ಲ" ಎಂದೆ. "ಹಾಗಾದ್ರೆ ಹಾಗೇ ಕೊಡು." "ಕೊಡೋದಿಲ್ಲ." ಆಗ ನೀನು ಹಿಂದೆ ಒಮ್ಮೆ ಹೇಳಿದ್ದು ನೆನಪಾಯಿತು. ಸುತ್ತಿ ಬಳಸಿ ಕೇಳಬೇಡಿ, ನೇರವಾಗಿ ಕೇಳಿ, ಕೇಳಿದ್ದರಿಂದ ಯಾರ ತಲೆಗೂ ಆ ಯೋಚನೆ ಹೊಸದಾಗಿ ಹೊಗುವುದಿಲ್ಲ ಎಂದಿದ್ದೆ. ಕೇಳಿಯೇಬಿಟ್ಟೆ: "ಆರ್ವಿಲ್, ನೀನು ಸಾಯೋಕೆ ಹೊರಟಿದ್ದೀಯಾ?" ಮೂರನೇ ಕ್ಲಾಸಿನಿಂದ ಬಲ್ಲ ಮುಖ ಅದು, ಆ ಕ್ಷಣ ಗುರುತೇ ಸಿಗಲಿಲ್ಲ. ಆಮೇಲೆ ಬೈಗುಳ ಶುರುವಾಯಿತು. "ನನ್ನ ಸ್ವತ್ತು ಇಟ್ಕೊಂಡು ಉಪದೇಶ ಮಾಡ್ತೀಯೇನೇ ಮುದುಕಿ? ಕಳ್ಳಿ ನೀನು! ಪೊಲೀಸರನ್ನೇ ಕರೀತೀನಿ." ನಾನೂ ಬಿಡಲಿಲ್ಲ. "ಕರಿ. ನಂಬರ್ ಬೇಕಾ? ಗೋಡೆ ಮೇಲೆ ಬರೆದಿದೆ, ಓದ್ಕೋ."

ಕರೆದೇ ಕರೆದ. ಮಧ್ಯಾಹ್ನ ಊರಿನ ಪೊಲೀಸ್ ಗ್ರೇಡಿ ಬಂದ, ಚಿಕ್ಕವನಿದ್ದಾಗ ಚರ್ಚಿನ ಭಾನುವಾರದ ಪಾಠಕ್ಕೆ ನನ್ನ ಹತ್ತಿರ ಬಂದು ನಿದ್ದೆ ಮಾಡುತ್ತಿದ್ದ ಹುಡುಗ. ಟೋಪಿ ತೆಗೆದು ನಿಂತು, "ವರ್ನಾ ಆಂಟಿ, ಅದು ಅವರ ಆಸ್ತಿ. ಕಾನೂನು ಅವರ ಕಡೆ ಇದೆ. ಕೊಟ್ಟುಬಿಡಿ" ಎಂದ. ನಾನು ಬೀರುವಿಗೆ ಬೆನ್ನು ಕೊಟ್ಟು ನಿಂತೆ. "ನನ್ನನ್ನ ಎತ್ತಿ ಆಚೆಗಿಟ್ಟು ಬೀಗ ಒಡಿ. ಸೊಂಟ ಹುಷಾರು, ನನ್ನದಲ್ಲ, ನಿಂದು" ಎಂದೆ. ಅವನಿಗೆ ನಗು ಬರಲಿಲ್ಲ. ಆರ್ವಿಲ್ ಹೇಳಿದ್ದನ್ನೂ ನಾಯಿಯ ವಿಷಯವನ್ನೂ ತಿಳಿಸಿದೆ. ಟೋಪಿಯನ್ನು ಮೇಜಿನ ಮೇಲಿಟ್ಟ. ಜೇಬಿನಿಂದ ಪುಸ್ತಕ ತೆಗೆದು ಕೇಳಿದ: "ದುರಸ್ತಿಗೆ ಎಷ್ಟು ದಿನ ಬೇಕಾಗಬಹುದು ಆಂಟಿ?" "ಆ ತುಂಡು ಈಗ ಯಾರೂ ಮಾಡೋದಿಲ್ಲ. ಯಾವಾಗ ಸಿಗುತ್ತೋ ಹೇಳೋಕಾಗಲ್ಲ." ಅಕ್ಷರ ತಪ್ಪದೆ ಹಾಗೇ ಬರೆದುಕೊಂಡ.

ಅಲ್ಲಿಂದ ಸೀದಾ ಇಬ್ಬರೂ ಆರ್ವಿಲ್‌ನ ಮನೆಗೆ ಹೋದೆವು. ಬಾಗಿಲು ತೆರೆದು ನಮ್ಮನ್ನು ನೋಡಿದವನು ಬೈಯಲಿಲ್ಲ, ಬೈಯುವ ಶಕ್ತಿ ಅಷ್ಟರಲ್ಲಿ ಖರ್ಚಾಗಿತ್ತು. ಮೇಜಿನ ಮೇಲೆ ಅಡೀಲ್‌ಳ ಕನ್ನಡಕವಿತ್ತು, ಎರಡು ತಟ್ಟೆ ಇದ್ದವು. ದಿನಾ ಎರಡು ಇಡುತ್ತಿದ್ದನಂತೆ. ಗ್ರೇಡಿ ಅವನ ಜಿಂಕೆ ಬೇಟೆಯ ಬಂದೂಕನ್ನು ಕೇಳಿ ಪಡೆದು ಠಾಣೆಯಲ್ಲಿಟ್ಟ. ನಾನು ನಾಯಿಯನ್ನು ನಮ್ಮ ಮನೆಗೆ ಕರೆತಂದೆ, "ನೀನು ವಾಪಸ್ ಬರೋ ತನಕ ಮಾತ್ರ" ಎಂದು ಅವನಿಗೆ ಕೇಳುವ ಹಾಗೆ ಎರಡು ಸಲ ಹೇಳಿ. ಅವತ್ತೇ ಗ್ರೇಡಿ ಅವನನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದ, ಅಲ್ಲಿ ಹನ್ನೊಂದು ದಿನ ಇಟ್ಟುಕೊಂಡರು. ಈಗ ಮಾತ್ರೆ ತಗೊಳ್ಳುತ್ತಾನೆ, ವಾರಕ್ಕೊಮ್ಮೆ ಅಲ್ಲಿಗೇ ಹೋಗಿ ಆಪ್ತಸಲಹೆ ಕೊಡುವವಳ ಹತ್ತಿರ ಮಾತಾಡಿ ಬರುತ್ತಾನೆ. "ಆ ಹುಡುಗಿಗೆ ನನ್ನ ಮೊಮ್ಮಗಳ ವಯಸ್ಸು, ಎಲ್ಲಾದಕ್ಕೂ 'ಆಮೇಲೆ ಏನನ್ನಿಸ್ತು' ಅಂತಾಳೆ" ಎಂದು ಗೊಣಗುತ್ತಾನೆ, ಆದರೂ ತಪ್ಪಿಸುವುದಿಲ್ಲ.

ಕಳೆದ ಎರಡು ಮಂಗಳವಾರ ನನ್ನ ಅಂಗಡಿಗೂ ಬಂದ. ಮೊದಲ ಸಲ ಜಗಳಕ್ಕೇ ಬಂದದ್ದು, ಆದರೆ ನಿಂತೇ ಜಗಳವಾಡಲು ಮಂಡಿ ಬಿಡಲಿಲ್ಲ, ಕೂತ. ಯಾರದೋ ರಿವಾಲ್ವರ್‌ನ ಮರದ ಹಿಡಿಯನ್ನು ಅವನ ಮುಂದಿಟ್ಟು, ಸುಮ್ಮನೆ ಕೂರೋ ಬದಲು ಎಣ್ಣೆ ಹಚ್ಚಿ ಉಜ್ಜು ಎಂದೆ. ಉಜ್ಜಿದ. ಮೊನ್ನೆ ಮಂಗಳವಾರ, ಉಜ್ಜುತ್ತಿದ್ದವನು ತಲೆ ಎತ್ತದೆ ಹೇಳಿದ: "ವರ್ನಾ, ಅದನ್ನ ನಂಗೆ ಕೊಡಬೇಡ. ನಾನು ಕೇಳಿದ್ರೂ ಕೊಡಬೇಡ." ಆಯ್ತು ಎಂದೆ. ನೂಡಲ್ಸಿಗೆ ಕೋಸು ಹುರಿದು ಹಾಕಿದ ಹಾಲೂಷ್ಕಿ ಬಿಸಿಯಿತ್ತು, ಕೋಸು ಜಾಸ್ತಿ ಹಾಕಿದ್ದೀಯೆ ಎಂದು ಬೈಯುತ್ತಾ ಎರಡು ತಟ್ಟೆ ತಿಂದ.

ಈಗ ಹೇಳು ಮಗಳೇ. ನಾನು ಅಂಗಡಿ ಮುಚ್ಚಿ ಕೂತಿದ್ದರೆ ಅವನು ಆ ಟವೆಲಿನ ಗಂಟನ್ನು ಯಾರ ಬಳಿಗೆ ಒಯ್ಯುತ್ತಿದ್ದ? ಕೆಲಸ ಬಲ್ಲ ಯಾವನಾದರೂ ಒಂದು ಮಧ್ಯಾಹ್ನದಲ್ಲಿ ಸರಿಮಾಡಿ ಕೊಡುತ್ತಿದ್ದ. ಈ ವಸ್ತುಗಳನ್ನು ಪ್ರೀತಿಸುವವರು ಮೂರ್ಖರು ಎಂದು ನೀನು ಬರೆದಿದ್ದೀಯೆ. ಇರಬಹುದು. ಆದರೆ ಪ್ರೀತಿಸುವವಳಿಗೇ ಗೊತ್ತಾಗಿದ್ದು, ಅವತ್ತು ಬಂದವನಿಗೆ ಅದರ ಮೇಲೆ ಪ್ರೀತಿಯಿಲ್ಲ, ಬೇರೇನೋ ಇದೆ ಎಂದು. ಕೇಳಬೇಕಾದ ಮಾತನ್ನು ಬಾಯಿಗೆ ಕೊಟ್ಟವಳು ನೀನು, ಅದನ್ನೂ ಒಪ್ಪುತ್ತೇನೆ. ಅಂಗಡಿ ಮಾತ್ರ ಮುಚ್ಚುವುದಿಲ್ಲ. ನನ್ನ ಕೈ ಅರ ಹಿಡಿಯುವವರೆಗೆ ಆ ಕಿಟಕಿ ನನ್ನದು.

ಮೇಬಲ್‌ಳ ಬೋಳು ಒಸಡಿಗೆ ಒಂದು ಮುತ್ತು. ನಿನ್ನ ಕಾಲಿಗೆ ಉಪ್ಪು ಹಾಕಿದ ಬಿಸಿನೀರು. ದೇವರು ನಿನ್ನ ವಾರ್ಡನ್ನು ಒಂದು ದಿನವಾದರೂ ಖಾಲಿ ಇಡಲಿ.

ನಿನ್ನ ಹಟಮಾರಿ ಅಮ್ಮ,
ವರ್ನಾ ಹ್ರುಸ್ಕಾ

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಈಸ್ಟರ್‌ನಲ್ಲಿ ಮೇಬಲ್ ಚಮಚ ಹುಡುಕುತ್ತಾ ಒಲೆಯ ಪಕ್ಕದ ಡ್ರಾಯರ್ ತೆರೆದಾಗ ನೀನು ಕಿರುಚಿದೆ. ಅಲ್ಲಿದ್ದ ರಿವಾಲ್ವರ್‌ನಲ್ಲಿ ಗುಂಡಿಲ್ಲ, ಸುಮ್ಮನೆ ರಂಪ ಮಾಡುತ್ತೀಯೆ ಎಂದು ನಾನು ನಿನ್ನ ಮೇಲೇ ರೇಗಿದೆ. ಅದರಲ್ಲಿ ಆರು ಗುಂಡುಗಳಿದ್ದವು ಕೋರಾ. ನನಗೆ ಗೊತ್ತಿತ್ತು. ಏಳು ತಿಂಗಳಿಂದ ಹೇಳಲು ಬಾಯಿ ಬರಲಿಲ್ಲ. ಈಗ ಅದು ಅಂಗಡಿಯ ಬೀರುವಿನಲ್ಲಿದೆ, ಗುಂಡುಗಳು ಗ್ರೇಡಿಯ ಹತ್ತಿರ. ಮನೆಯೊಳಗೆ ಇನ್ನು ಒಂದೂ ಇಲ್ಲ, ಬಂದು ಒಂದೊಂದೇ ಡ್ರಾಯರ್ ಎಳೆದು ನೋಡು, ನಾನು ಹಿಂದೆ ನಿಂತಿರುತ್ತೇನೆ. ಆಮೇಲೆ ಮಗುವನ್ನು ಒಳಗೆ ಕರೆದುಕೊಂಡು ಬಾ.