ಹೊಳೆಪಾಲಾದವನ ಓಟು

ಬ್ರಶಿ ಫೋರ್ಕ್, ಕೆಂಟಕಿ
೬ ಆಗಸ್ಟ್ ೧೮೮೩

ಪ್ರೀತಿಯ ಅಕ್ಕ,

ಈ ಕಥೆಯನ್ನು ಮೊದಲು ಹೇಳಿದವನು ಹಳೆಯ ಗುಮಾಸ್ತ ಈನಕ್, ನಾಲ್ಕು ವರ್ಷದ ಹಿಂದೆ ಲೆಫ್ಟಿನೆಂಟ್ ಗವರ್ನರ್ ಚುನಾವಣೆಯ ಸಂಜೆ. ನಿನ್ನೆ ಗಿರಣಿಯ ಜಗಲಿಯಲ್ಲಿ ಅವನೇ ಮತ್ತೆ ಹೇಳಿದ. ನಮ್ಮೂರಲ್ಲಿರುವಂತೆ ಇಲ್ಲಿ ಮತದ ಚೀಟಿಯಿಲ್ಲ. ಮತದಾರ ತನ್ನ ಹೆಸರನ್ನೂ ಅಭ್ಯರ್ಥಿಯ ಹೆಸರನ್ನೂ ಕೂಗಬೇಕು, ಗುಮಾಸ್ತ ತಲೆ ಎತ್ತದೆ ಬರೆಯಬೇಕು. ಆ ಚುನಾವಣೆಯ ದಿನ "ಹೈರಮ್ ಪ್ರಾಥರ್" ಎಂಬ ಕೂಗು ಕೇಳಿತು, ಈನಕ್ ಬರೆದ. ದೋಣಿಯ ಹೈರಮ್ ಅದಕ್ಕೆ ಮೂರು ತಿಂಗಳ ಮುಂಚೆಯೇ ಹೊಳೆಪಾಲಾಗಿದ್ದ. ಸತ್ತವನ ಓಟು ಬರೆದನೆಂದು ಈನಕ್‌ನ ಕೆಲಸ ಹೋಯಿತು. ಆ ಕುರ್ಚಿಯಲ್ಲಿ ಈಗ ನಾನು.

"ಒಂದ್ಸಲ ಮುಖ ನೋಡ್ಬಾರದಿತ್ತೇನೋ ಮುದುಕಾ?" ಎಂದು ಕಮ್ಮಾರ ಓರಿನ್ ಕೆಣಕಿದ.

"ನೋಡಿದ್ರೆ, ಕಣ್ಣಲ್ಲೇ ಹೆದರಿಸ್ದ ಅಂತ ಜಗಳ ತೆಗೆಯೋರು ನೀವೇ ಅಲ್ವೇನೋ?"

"ಹಂಗಾದ್ರೆ ಕೇಳಪ್ಪಾ ಲೀಂಡರ್, ನಾಳೆ ನಿನ್ನ ಕೈ ಮುಟ್ಟಿಯೇ ಹೆಸರು ಹೇಳ್ತೀವಿ. ಬದುಕಿರೋರ ಕೈ ಬೆಚ್ಚಗಿರುತ್ತೆ," ಎಂದು ಓರಿನ್ ನನ್ನತ್ತ ತಿರುಗಿದ.

ಇಂದು ಬೆಳಿಗ್ಗೆ ಜಗಲಿಯಲ್ಲಿದ್ದವರೆಲ್ಲ ಹಾಗೆಯೇ ಮಾಡಿದರು. ಒಬ್ಬೊಬ್ಬರೇ ಬಂದು ನನ್ನ ಎಡಗೈ ಮೇಲೆ ಕೈಯಿಟ್ಟು ಹೆಸರು ಕೂಗಿದರು. ಓರಿನ್‌ನ ಕೈ ಕುಲುಮೆಯಂತಿತ್ತು. ಅವನ ಹಿಂದೆ ಬಂದ ಕೈ ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು, ಅದರಿಂದ ನೀರು ಪುಸ್ತಕದ ಮೇಲೆ ತೊಟ್ಟಿಕ್ಕಿತು. "ಹೈರಮ್ ಪ್ರಾಥರ್" ಎಂದಿತು. ನಾನು ಲೇಖನಿಯನ್ನೂ ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಕೈ ಸರಿಯಿತು.

ನನ್ನ ಕೆಲಸವೇನೋ ಉಳಿಯಿತು. ಎಡಗೈ ಮಾತ್ರ ಇನ್ನೂ ಬೆಚ್ಚಗಾಗಿಲ್ಲ. ಆಗಸ್ಟ್ ತಿಂಗಳೆಂದು ನಗದೆ ಉಣ್ಣೆಯ ಕೈಗವಸು ಕಳಿಸು, ಒಂದೇ ಸಾಕು.

ನಿನ್ನ ತಮ್ಮ,
ಲೀಂಡರ್